ಏತಕ್ಕೋಸ್ಕರ?

ಇಬ್ಬರ ನಡುವಿನ ನೆಚ್ಚಿಕೆಯನ್ನು ಕೆಡಿಸಬೇಕೆಂದು ಹೊರಟವನು ಮೊದಲು ಕೈಹಾಕುವುದು ಪ್ರೀತಿಯ ಮೇಲಲ್ಲ, ಪ್ರೀತಿಯ ಕಾರಣದ ಮೇಲೆ. “ಅವರಿಗೆ ನಿನ್ನ ಮೇಲೆ ಆದರವಿಲ್ಲ” ಎಂದರೆ ಯಾರೂ ನಂಬಲಾರರು. ಆದರವು ಕಣ್ಣೆದುರಿಗೇ ಕಾಣುತ್ತಿರುತ್ತದೆ. “ಆದರವಿರುವುದೇನೋ ನಿಜ, ಏತಕ್ಕೋಸ್ಕರ ಎಂಬುದನ್ನು ಎಂದಾದರೂ ಯೋಚಿಸಿದ್ದೀಯಾ?” ಎಂದು ಹೇಳಿ ಸುಮ್ಮನಾದರೆ ಸಾಕು. ಉಳಿದ ಕೆಲಸವನ್ನು ಕಿವಿಗೊಟ್ಟವನ ಮನಸ್ಸೇ ಮಾಡಿಕೊಳ್ಳುತ್ತದೆ. ನೆನ್ನೆಯವರೆಗೆ ಅಕ್ಕರೆಯಾಗಿದ್ದ ಒಂದು ಲೋಟ ಕಾಫಿ ಇಂದು ಉಪಾಯವಾಗಿ ತೋರತೊಡಗುತ್ತದೆ. ಬಂಧುಬಳಗದಲ್ಲಿ ಈ ವಿದ್ಯೆಯನ್ನು ಬಲ್ಲವರು ಒಬ್ಬಿಬ್ಬರು ಇಲ್ಲದ ಕುಟುಂಬವುಂಟೆ?

ನಮ್ಮ ಸಾಹಿತ್ಯದಲ್ಲಿ ಈ ಪ್ರಶ್ನೆಯನ್ನು ಬಹು ಸಮರ್ಥವಾಗಿ ಎತ್ತಿದವನು ಸಾಕ್ಷಾತ್ ಶ್ರೀಕೃಷ್ಣ. ಪಂಪನು ಕ್ರಿ. ಶ. 941ರಲ್ಲಿ ರಚಿಸಿದ ‘ವಿಕ್ರಮಾರ್ಜುನ ವಿಜಯ’ದ ಒಂಬತ್ತನೆಯ ಆಶ್ವಾಸವನ್ನು ಓದಿದವರಿಗೆ ಆ ಸಂದರ್ಭವು ನೆನಪಿರುತ್ತದೆ. ಸಂಧಾನವು ಮುರಿದುಬಿದ್ದ ಮೇಲೆ ಕೃಷ್ಣನು ಕರ್ಣನನ್ನು ಏಕಾಂತದಲ್ಲಿ ಕಂಡು ಅವನ ಜನ್ಮವೃತ್ತಾಂತವನ್ನು ತಿಳಿಸುತ್ತಾನೆ. ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಈ ಗುಟ್ಟು ದುರ್ಯೋಧನನಿಗೆ ಒಬ್ಬ ಋಷಿಯ ಮೂಲಕ ಎಂದೋ ತಿಳಿದಿತ್ತು, ಮುಳ್ಳಿನಿಂದಲೇ ಮುಳ್ಳನ್ನು ತೆಗೆಯುವ ಹಂಚಿಕೆಯಿಂದ ಅವನು ನಿನ್ನನ್ನು ಇಷ್ಟು ದಿನ ಹತ್ತಿರವಿಟ್ಟುಕೊಂಡಿದ್ದಾನೆ ಎಂಬ ಮಾತನ್ನೂ ಸೇರಿಸುತ್ತಾನೆ. ಅಂಗರಾಜ್ಯವು ನಿಜ, ಸ್ನೇಹವೂ ನಿಜ. ಆದರೆ ಅದೆಲ್ಲ ಏತಕ್ಕೋಸ್ಕರ? ಭೇದೋಪಾಯವೆಂದರೆ ಇದು.

ಕರ್ಣನ ಉತ್ತರವು ಸ್ವಾರಸ್ಯವಾದದ್ದು. ಕೃಷ್ಣನ ಆರೋಪವನ್ನು ಅವನು ಅಲ್ಲಗಳೆಯುವುದಿಲ್ಲ, ಚರ್ಚೆಗೂ ಇಳಿಯುವುದಿಲ್ಲ. ಒಂದು ಸಣ್ಣ ಮನೆಯೊಳಗಿನ ಘಟನೆಯನ್ನು ನೆನೆಯುತ್ತಾನೆ. ಭಾನುಮತಿಯೊಡನೆ ಪಗಡೆಯಾಟ, ಅವಳು ಸೋತಾಗ ಪಣವನ್ನು ಕೊಡೆಂದು ಕಾಡಿದ್ದು, ಹಾರವು ಹರಿದು ಮುತ್ತುಗಳು ಚೆಲ್ಲಾಪಿಲ್ಲಿಯಾದದ್ದು, ಅದನ್ನು ಕಂಡ ದೊರೆ ಯಾವ ವಿಕಲ್ಪವೂ ಇಲ್ಲದೆ ಮುತ್ತುಗಳನ್ನು ಆಯುವ ಮಾತನ್ನಾಡಿದ್ದು. (ಈ ಪದ್ಯದ ಅನ್ವಯವನ್ನು ಕುರಿತು ವಿದ್ವಾಂಸರಲ್ಲಿ ಬಹಳ ಚರ್ಚೆಯಾಗಿದೆ. ನಾನು ರೂಢಿಯಲ್ಲಿರುವ ಅರ್ಥವನ್ನೇ ಇಟ್ಟುಕೊಂಡಿದ್ದೇನೆ.) ಅಂಥವನನ್ನು ಬಿಟ್ಟು ಬರಲಾರೆನೆಂಬುದು ಕರ್ಣನ ನಿಲುವು. ಕೃಷ್ಣನು ಮುಂದಿಟ್ಟದ್ದು ವರ್ಷಗಳ ಲೆಕ್ಕಾಚಾರ. ಕರ್ಣನು ಎದುರಿಟ್ಟದ್ದು ಲೆಕ್ಕ ಹಾಕಲು ವ್ಯವಧಾನವೇ ಇಲ್ಲದ ಒಂದು ಕ್ಷಣ. ಮನುಷ್ಯನ ಉದ್ದೇಶವು ಅಂಥ ಕ್ಷಣದಲ್ಲಿ ಬಯಲಾಗುತ್ತದೆಂಬುದನ್ನು ಪಂಪನು ಬಲ್ಲವನಾಗಿದ್ದ. ಇನ್ನೂ ಒಂದು ಮಾತು: ರನ್ನನ ಗದಾಯುದ್ಧದಲ್ಲಿ ಕರ್ಣನ ಹೆಣದ ಮುಂದೆ ನಿಂತು ಗೋಳಿಡುವ ದುರ್ಯೋಧನನು, ಆ ಗುಟ್ಟು ತನಗೆ ತಿಳಿದಿತ್ತೆಂದು ತಾನೇ ಹೇಳಿಕೊಳ್ಳುತ್ತಾನೆ. ಎಂದಮೇಲೆ ಕೃಷ್ಣನದು ಪೂರ್ತಿ ಸುಳ್ಳಾಗಿರಲಿಲ್ಲ. ಗುಟ್ಟನ್ನು ಬಲ್ಲವನೇ ಅಲ್ಲಿ ಅಳುತ್ತಿರುವುದೂ ಸುಳ್ಳಲ್ಲ.

ಅರಮನೆಯ ಮಾತಾಯಿತು. ನಮ್ಮ ನಮ್ಮ ಮನೆಗಳಲ್ಲಿ ಗಂಡಹೆಂಡಿರು, ತಂದೆಮಕ್ಕಳು, ಅತ್ತೆಸೊಸೆಯರು ಪರಸ್ಪರ ನಿಶ್ಚಿಂತೆಯಿಂದ ಇರುವುದು ಅಥವಾ ಇಲ್ಲದಿರುವುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ. ಎಷ್ಟು ಮಾಡಿದರು ಎಂಬುದಕ್ಕಿಂತ ಏತಕ್ಕೋಸ್ಕರ ಮಾಡಿದರು ಎಂಬುದನ್ನು ನಾವು ಹೆಚ್ಚಾಗಿ ಓದುತ್ತೇವೆ. ಈಚಿನ ಮನಶ್ಶಾಸ್ತ್ರವು ಈ ಓದುವಿಕೆಯನ್ನು ಪರೀಕ್ಷೆಗೆ ಒಡ್ಡಿದೆ.

1980ರಲ್ಲಿ ಸೆಲಿಗ್ಮನ್, ಫೇಜಿಯೊ, ಜ್ಯಾನಾ ಎಂಬ ಮೂವರು ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ಪರಸ್ಪರ ಒಲಿದು ಒಡನಾಡುತ್ತಿದ್ದ ತರುಣ ತರುಣಿಯರಿಗೆ ಅಪೂರ್ಣ ವಾಕ್ಯಗಳನ್ನು ಕೊಟ್ಟು ಮುಗಿಸಲು ಹೇಳಿದರು. ಕೆಲವರಿಗೆ ಕೊಟ್ಟ ವಾಕ್ಯವು “ನಾನು ಇವರ ಜೊತೆಗಿದ್ದೇನೆ, ಏಕೆಂದರೆ…” ಎಂಬ ಧಾಟಿಯದು. ಉಳಿದವರಿಗೆ ಕೊಟ್ಟದ್ದು “ಇಂಥದರ ಸಲುವಾಗಿ ಇವರ ಜೊತೆಗಿದ್ದೇನೆ” ಎಂಬ ಧಾಟಿಯದು. ಅನಂತರ ತಮ್ಮ ಒಲವು ಎಷ್ಟೆಂಬುದನ್ನು ಗುರುತಿಸಲು ಹೇಳಿದಾಗ, ‘ಸಲುವಾಗಿ’ ಎಂದು ಬರೆದವರ ಒಲವು ಕಡಮೆಯಾಗಿ ಕಂಡಿತು. ಮದುವೆಯಾಗುವ ಸಂಭವವೂ ಅವರಿಗೆ ಕಡಮೆಯೆಂದು ತೋರಿತು. ಅವರ ಬಾಳಿನಲ್ಲಿ ಬೇರೇನೂ ಬದಲಾಗಿರಲಿಲ್ಲ. ಹತ್ತು ನಿಮಿಷಗಳ ಹಿಂದೆ ಇದ್ದ ಜೋಡಿಯೇ ಅದು. ಬದಲಾದದ್ದು ವಾಕ್ಯದ ರಚನೆಯಷ್ಟೆ.

ವ್ಯಾಕರಣ ಹೇಳುವವನಿಗೆ ಇದರಿಂದ ಎಷ್ಟು ಹಿಗ್ಗಾಗುತ್ತದೆಂಬುದನ್ನು ಓದುಗರು ಊಹಿಸಬಹುದು. ‘ಇಂದ’ ಮತ್ತು ‘ಓಸ್ಕರ’ ಇವುಗಳ ವ್ಯತ್ಯಾಸವನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ವಿದ್ಯಾರ್ಥಿಗಳು ಆಕಳಿಸುತ್ತಾರೆ. ಅದು ಸಂಸಾರದ ವ್ಯತ್ಯಾಸವೂ ಹೌದೆಂದು ಗೊತ್ತಾದರೆ ಕೊಂಚ ಎಚ್ಚರಗೊಂಡಾರು. “ಪ್ರೀತಿಯಿಂದ ಮಾಡಿದೆ”, “ಪ್ರೀತಿಗೋಸ್ಕರ ಮಾಡಿದೆ” ಎಂಬ ಎರಡು ಮಾತುಗಳಲ್ಲಿ ಮೊದಲನೆಯದು ಕೈಯಲ್ಲಿರುವುದನ್ನು ಕೊಡುತ್ತದೆ; ಎರಡನೆಯದು ಕೈಯಲ್ಲಿಲ್ಲದುದನ್ನು ಬೇಡುತ್ತದೆ.

ಈ ಓದುವಿಕೆಯನ್ನು ನಾವು ಕಲಿಯುವುದು ಯಾವಾಗ? ಮಾತು ಬರುವುದಕ್ಕಿಂತ ಮೊದಲೇ. ಇಂಗ್ಲೆಂಡಿನ ವೈದ್ಯ ಜಾನ್ ಬೌಲ್ಬಿ, ತಾಯಿಯಿಂದ ಅಗಲಿದ ಮಕ್ಕಳ ಸ್ಥಿತಿಯನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಬರೆದ ವರದಿಯು ಪ್ರಸಿದ್ಧವಾದದ್ದು. ಅವರ ಸಹೋದ್ಯೋಗಿಯಾಗಿದ್ದ ಮೇರಿ ಐನ್ಸ್‌ವರ್ತ್ ಎಂಬಾಕೆ 1954ರಲ್ಲಿ ಯುಗಾಂಡಕ್ಕೆ ಹೋಗಿ, ಕಂಪಾಲದ ಸುತ್ತಣ ಹಳ್ಳಿಗಳ 26 ಮನೆಗಳಲ್ಲಿ ತಾಯಂದಿರನ್ನೂ ಹಸುಗೂಸುಗಳನ್ನೂ ತಿಂಗಳುಗಟ್ಟಲೆ ನೋಡಿದರು. ಮುಂದೆ ಅಮೆರಿಕದ ಬಾಲ್ಟಿಮೋರಿನಲ್ಲಿಯೂ ಇದೇ ಕೆಲಸವನ್ನು ಮುಂದುವರಿಸಿದರು. ಎತ್ತಿಕೊಂಡ ಮಾತ್ರಕ್ಕೆ ಮಗುವಿಗೆ ನಿಶ್ಚಿಂತೆ ಬರುವುದಿಲ್ಲವೆಂಬುದು ಆಕೆಯ ಕಾಣ್ಕೆ. ಮಗುವಿಗೆ ಬೇಕಾದಾಗ ಎತ್ತಿಕೊಳ್ಳುವ ತಾಯಿಯೂ ಇದ್ದಾಳೆ. ತನಗೆ ಮುದ್ದು ಬಂದಾಗ, ಆಡುತ್ತಿರುವ ಮಗುವನ್ನು ಸೆಳೆದು ಎತ್ತಿಕೊಳ್ಳುವ ತಾಯಿಯೂ ಇದ್ದಾಳೆ. ನೋಡುವವರಿಗೆ ಎರಡೂ ಒಂದೇ. ಕೂಸಿಗೆ ಮಾತ್ರ ಒಂದೇ ಅಲ್ಲ. ಯಾರ ಬಯಕೆಯು ಆ ಕೈಗಳನ್ನು ಚಾಚಿಸಿತೆಂಬುದನ್ನು ಅದರ ಮೈ ಬಲ್ಲುದು.

ಬೆಳೆದವರಲ್ಲಿಯೂ ಇದರ ಜಾಡು ಉಳಿದಿರುತ್ತದೆ. ಹೇಜನ್ ಮತ್ತು ಶೇವರ್ ಎಂಬ ಇಬ್ಬರು ಅಮೆರಿಕದ ಡೆನ್ವರ್ ನಗರದ ಒಂದು ದಿನಪತ್ರಿಕೆಯಲ್ಲಿ ಪ್ರಶ್ನಾವಳಿಯನ್ನು ಅಚ್ಚುಹಾಕಿಸಿ, ಬಂದ ಉತ್ತರಗಳಲ್ಲಿ ಮೊದಲ 620ನ್ನು ಪರಿಶೀಲಿಸಿ 1987ರಲ್ಲಿ ಪ್ರಕಟಿಸಿದರು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ತಮ್ಮವರನ್ನು ನಿಶ್ಚಿಂತೆಯಿಂದ ನೆಚ್ಚುವವರು. ಕಾಲುಭಾಗದಷ್ಟು ಜನ, ಹತ್ತಿರ ಬಂದವರಿಂದ ಒಂದು ಹೆಜ್ಜೆ ಹಿಂದೆ ಸರಿಯುವವರು. ಉಳಿದವರು, ಬಿಟ್ಟುಹೋದಾರೆಂಬ ಅಂಜಿಕೆಯಿಂದ ಸದಾ ಬಿಗಿಹಿಡಿಯುವವರು. ಇದು ಒಂದು ಊರಿನ ಓದುಗರ ಲೆಕ್ಕವೇ ಹೊರತು ನಮ್ಮ ಜಾತಕವಲ್ಲ. ಆದರೂ ಮೂವರಿಗೂ ಒಂದೇ ಸೀರೆಯ ಉಡುಗೊರೆ ಬಂದರೆ ಮೊದಲನೆಯವರು ಉಡುತ್ತಾರೆ, ಎರಡನೆಯವರು ಬೆಲೆಯನ್ನು ವಿಚಾರಿಸುತ್ತಾರೆ, ಮೂರನೆಯವರು ‘ಯಾವ ತಪ್ಪನ್ನು ಮುಚ್ಚುವುದಕ್ಕೋ’ ಎಂದುಕೊಳ್ಳುತ್ತಾರೆ. ಇದನ್ನು ತಿಳಿಯಲು ಡೆನ್ವರಿಗೆ ಹೋಗಬೇಕಾಗಿಲ್ಲ.

ನಮ್ಮ ಮಧ್ಯಮವರ್ಗದ ಮನೆಗಳಿಗೆ ಇನ್ನೂ ಹತ್ತಿರವಾದದ್ದು ತ್ಯಾಗದ ಪ್ರಶ್ನೆ. ತ್ಯಾಗವು ನಮ್ಮಲ್ಲಿ ಎಷ್ಟು ಮನ್ನಣೆ ಪಡೆದಿದೆಯೆಂದರೆ, ಅದರ ಕಾರಣವನ್ನು ಯಾರೂ ಕೇಳುವುದಿಲ್ಲ. ಎಮಿಲಿ ಇಂಪೆಟ್ ಮತ್ತು ಅವರ ಜೊತೆಗಾರರು 2005ರಲ್ಲಿ ಅದನ್ನು ಕೇಳಿದರು. ಪ್ರೇಮಿಗಳಾಗಿದ್ದ ಕಾಲೇಜು ವಿದ್ಯಾರ್ಥಿಗಳು ಎರಡು ವಾರಗಳ ಕಾಲ ದಿನವೂ ತಾವು ಬಿಟ್ಟುಕೊಟ್ಟದ್ದನ್ನೂ ಏಕೆ ಬಿಟ್ಟುಕೊಟ್ಟೆವೆಂಬುದನ್ನೂ ಬರೆದಿಟ್ಟರು. ಅವರಿಗೆ ಸಂತೋಷವಾಗಲೆಂದು ಬಿಟ್ಟುಕೊಟ್ಟ ದಿನಗಳಲ್ಲಿ ಕೊಟ್ಟವರಿಗೆ ಉಲ್ಲಾಸವೂ ಸಂಬಂಧದಲ್ಲಿ ತೃಪ್ತಿಯೂ ಹೆಚ್ಚಾಗಿದ್ದವು. ಜಗಳವಾಗದಿರಲಿ, ಮುಖ ಊದಿಸಿಕೊಳ್ಳದಿರಲಿ ಎಂದು ಬಿಟ್ಟುಕೊಟ್ಟ ದಿನಗಳಲ್ಲಿ ಕಿರಿಕಿರಿಯೂ ಕಲಹವೂ ಹೆಚ್ಚಿದ್ದವು. ಕಲಹವನ್ನು ತಪ್ಪಿಸಲು ಮಾಡಿದ ತ್ಯಾಗವೇ ಕಲಹವನ್ನು ತಂದಿತ್ತು!

ಇದನ್ನು ಓದಿದಾಗ ನನಗೆ ಎಷ್ಟೋ ಅಡುಗೆಮನೆಗಳು ನೆನಪಾದುವು. ಹತ್ತು ವರ್ಷ ವೀಣೆ ಕಲಿತ ಹೆಣ್ಣುಮಗಳು ಮದುವೆಯಾದ ಮೇಲೆ ಅದಕ್ಕೆ ಮುಸುಕು ಹಾಕಿ ಅಟ್ಟದ ಮೇಲಿಡುತ್ತಾಳೆ. ಯಾರೂ ಬೇಡವೆಂದಿರುವುದಿಲ್ಲ. ಸಂಜೆ ಹೊತ್ತು ಅತ್ತೆಯವರಿಗೆ ಟೆಲಿವಿಷನ್ ಧಾರಾವಾಹಿ. ಮಾತಿಗೆ ಮಾತು ಬೆಳೆಯುವುದೇಕೆಂದು ತಾನೇ ನಿಲ್ಲಿಸುತ್ತಾಳೆ. ಆ ಅತ್ತೆಗೆ ಇದು ತ್ಯಾಗವೆಂದೇ ತಿಳಿಯದು. ಸೊಸೆಗೆ ಆಸಕ್ತಿ ಇಲ್ಲವೆಂದುಕೊಂಡಿರುತ್ತಾರೆ. ಹದಿನೈದು ವರ್ಷಗಳಾದ ಮೇಲೆ, ಉಪ್ಪು ಹೆಚ್ಚಾದ ಒಂದು ಹುಳಿಯ ನೆಪದಲ್ಲಿ ವೀಣೆಯು ಅಟ್ಟದಿಂದ ಕೆಳಗಿಳಿಯುತ್ತದೆ. “ನಿಮಗೋಸ್ಕರ ನಾನು ಏನೆಲ್ಲ ಬಿಟ್ಟೆ” ಎಂಬ ಮಾತು ಹೊರಬೀಳುತ್ತದೆ. ಕೇಳಿದವರಿಗೆ ದಿಗಿಲು: ಇವಳು ನಗುನಗುತ್ತ ಮಾಡಿದ ಇನ್ನೆಷ್ಟು ಕೆಲಸಗಳು ಹೀಗೆಯೇ ಲೆಕ್ಕದಲ್ಲಿವೆಯೋ? ಅಂದಿನಿಂದ ಆ ಮನೆಯಲ್ಲಿ ಯಾವ ನಗುವನ್ನೂ ಯಾರೂ ಪೂರ್ತಿ ನೆಚ್ಚುವುದಿಲ್ಲ. ಹೆದರಿಕೆಯಿಂದ ಬಿಟ್ಟುಕೊಡುವವರನ್ನು ನಾವು ಸಾಧುಗಳೆಂದು ಹೊಗಳುತ್ತೇವೆ. ನನಗಂತೂ ಅವರೊಡನೆ ಬಾಳುವುದು ಜಗಳಗಂಟರೊಡನೆ ಬಾಳುವುದಕ್ಕಿಂತ ಕಷ್ಟವೆಂದು ತೋರುತ್ತದೆ.

ಲೆಕ್ಕವೆಂದಾಗ ಮುಯ್ಯಿಯ ಪುಸ್ತಕವನ್ನು ಬಿಡುವಂತಿಲ್ಲ. ಮದುವೆಯ ಮನೆಯಲ್ಲಿ ಒಬ್ಬರು ಮೂಲೆಯಲ್ಲಿ ಕುಳಿತು ಯಾರು ಎಷ್ಟು ಓದಿಸಿದರೆಂದು ಬರೆದಿಟ್ಟುಕೊಳ್ಳುತ್ತಿದ್ದುದು ಒಳ್ಳೆಯ ಪದ್ಧತಿಯೇ. ದೂರದ ಬಳಗವು ಹಾಗೆಯೇ ಉಳಿಯಬೇಕು. ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ ಎಂಬವರು 1979ರಲ್ಲಿ ತೋರಿಸಿದ್ದು ಇಷ್ಟೆ: ವ್ಯವಹಾರದ ಪರಿಚಯದಲ್ಲಿ ಉಪಕಾರಕ್ಕೆ ಕೂಡಲೇ ಪ್ರತ್ಯುಪಕಾರ ಬಂದರೆ ಮೆಚ್ಚಿಕೆ ಹೆಚ್ಚುತ್ತದೆ, ಹತ್ತಿರದ ಸ್ನೇಹವನ್ನು ಬಯಸಿದವರಿಗೆ ಅದೇ ಪ್ರತ್ಯುಪಕಾರದಿಂದ ಮೆಚ್ಚಿಕೆ ತಗ್ಗುತ್ತದೆ. ಪಕ್ಕದ ಮನೆಯವರು ಕೊಟ್ಟ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದು ಸರಿ. ತಂಗಿಯ ಮನೆಯ ಬಟ್ಟಲಿನಲ್ಲಿ ಆ ಸಂಜೆಯೇ ಸರಿತೂಕದ ಸಕ್ಕರೆ ತುಂಬಿ ಕಳುಹಿಸಿದರೆ, ಅವಳು ಆ ರಾತ್ರಿ ಊಟ ಮಾಡಲಾರಳು.

ಹಾಗಾದರೆ ಪ್ರಯೋಜನದ ದೃಷ್ಟಿಯಿಂದ ಆರಂಭವಾದ ಸಂಬಂಧಗಳೆಲ್ಲ ಟೊಳ್ಳೆಂದು ತೀರ್ಮಾನಿಸಬೇಕೆ? ಹಾಗೆ ತೀರ್ಮಾನಿಸಿದರೆ ನಮ್ಮಲ್ಲಿ ಬಹುಪಾಲು ಮದುವೆಗಳು ಉಳಿಯಲಾರವು. ಹೆಣ್ಣು ನೋಡುವ ಶಾಸ್ತ್ರವೇ ‘ಸಲುವಾಗಿ’ಗಳ ಸಮಾರಾಧನೆ. ಹಿಂದೆ ಗೋತ್ರ, ನಕ್ಷತ್ರ, ಜಮೀನು. ಈಗ ಕಂಪ್ಯೂಟರಿನ ಪರದೆಯ ಮೇಲೆ ಸಂಬಳ, ಎತ್ತರ, ಸ್ವಂತ ಮನೆ. ಹಾಗೆ ಸೇರಿದವರೇ ಮೂವತ್ತು ವರ್ಷಗಳ ಮೇಲೆ, ಒಬ್ಬರಿಗೆ ಕೆಮ್ಮು ಬಂದರೆ ಇನ್ನೊಬ್ಬರು ಎದ್ದು ಕೂರುವಂತಾಗಿರುತ್ತಾರೆ. ದುರ್ಯೋಧನನು ಅಂಗರಾಜ್ಯವನ್ನು ಕೊಟ್ಟ ದಿನ ಅರ್ಜುನನಿಗೆ ಎದುರಾಳಿಯನ್ನು ಹುಡುಕುತ್ತಿದ್ದನೆಂಬುದರಲ್ಲಿ ಸಂಶಯವೇನಿದೆ? ಮುತ್ತು ಚೆಲ್ಲಿದ ದಿನ ಅವನು ಅದನ್ನು ಮರೆತಿದ್ದ. ಉದ್ದೇಶಗಳು ಬಳಕೆಯಿಂದ ಬದಲಾಗುತ್ತವೆ. ಬದಲಾದದ್ದನ್ನು ಗಮನಿಸದೆ ಮೊದಲಿನದನ್ನೇ ಅಗೆದು ತೆಗೆಯುವುದು, ಗಿಡವು ಚಿಗುರಿತೆ ಎಂದು ದಿನವೂ ಬೇರನ್ನು ಕಿತ್ತು ನೋಡಿದಂತೆ.

ಆದರೆ ಬೇರನ್ನು ನೋಡದೆ ವಿಧಿಯಿಲ್ಲದ ಸಂದರ್ಭಗಳೂ ಇವೆ. ಈಚೆಗೆ ಅಂಥ ಒಂದು ಪ್ರಸಂಗ ನನ್ನ ಮೇಜಿನವರೆಗೆ ಬಂದಿತು.

ನಮ್ಮ ಬೀದಿಯಲ್ಲಿ ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ರಾಯರೊಬ್ಬರಿದ್ದಾರೆ; ವಯಸ್ಸು 70 ದಾಟಿದೆ. ಮಗ, ಸೊಸೆ, ಮೊಮ್ಮಗ ಜೊತೆಯಲ್ಲಿಯೇ ಇದ್ದಾರೆ. ಮಗನು ಮಹಡಿ ಕಟ್ಟಿಸಲು ಸಾಲ ಪಡೆಯಬೇಕಾಗಿದೆ. ಅದಕ್ಕಾಗಿ ಮನೆಯನ್ನು ಈಗಲೇ ಅವನ ಹೆಸರಿಗೆ ಮಾಡಿಕೊಡಲು ರಾಯರು ನಿಶ್ಚಯಿಸಿದ್ದಾರೆ. ಪತ್ರ ಬರಹಗಾರರು ಬರೆದುಕೊಟ್ಟ ದಾನಪತ್ರದ ಕರಡನ್ನು ಹಿಡಿದುಕೊಂಡು ಬಂದು, “ಮೇಷ್ಟ್ರೆ, ಇದರ ಕನ್ನಡವನ್ನು ಸ್ವಲ್ಪ ನೋಡಿಕೊಡಿ” ಎಂದರು. ಅವರ ಹಿಂದೆಯೇ ಅವರ ಮನೆಯಾಕೆಯೂ ಬಂದರು. ಕನ್ನಡವು ನೆಪವೆಂದು ಆಗಲೇ ನನಗೆ ತಿಳಿಯಿತು.

ಕರಡಿನ ಮೊದಲಲ್ಲಿ ‘ಪ್ರೀತಿ ವಿಶ್ವಾಸಪೂರ್ವಕವಾಗಿ’ ಎಂಬ ಪದ್ಧತಿಯ ಮಾತು ಇದೆ. ಕೆಳಗೆ ಒಂದು ಷರತ್ತು ಇದೆ: ದಾನ ಪಡೆದವನು ದಾನಿಗೂ ದಾನಿಯ ಪತ್ನಿಗೂ ಜೀವಮಾನಪರ್ಯಂತ ಅನ್ನ, ವಸತಿ, ಔಷಧೋಪಚಾರಗಳನ್ನು ಒದಗಿಸತಕ್ಕದ್ದು. ಇದು ಬರಹಗಾರರ ಹುಚ್ಚಲ್ಲ. 2007ರ ‘ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಅಧಿನಿಯಮ’ದ 23ನೆಯ ಪ್ರಕರಣದಂತೆ, 60 ವರ್ಷ ತುಂಬಿದವರು ಇಂಥ ಷರತ್ತಿನ ಮೇಲೆ ಆಸ್ತಿಯನ್ನು ಕೊಟ್ಟು, ಪಡೆದವರು ನೋಡಿಕೊಳ್ಳದೆ ಹೋದರೆ, ನ್ಯಾಯಮಂಡಲಿಯು ಆ ದಾನವನ್ನು ರದ್ದುಮಾಡಬಹುದು. ಷರತ್ತು ಇದ್ದುದನ್ನು ತೋರಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಮಗನು ಬೇರೆಯಾಗಿ ಬರೆದುಕೊಟ್ಟಿದ್ದ ವಚನಪತ್ರವನ್ನೂ ಗಣನೆಗೆ ತೆಗೆದುಕೊಂಡು, ಕಾನೂನನ್ನು ಹಿರಿಯರಿಗೆ ಅನುಕೂಲವಾಗುವಂತೆ ಅರ್ಥೈಸಬೇಕೆಂದು ತಾಯಿಯ ಪರವಾಗಿ ನಿಂತಿತು. ಏನೇ ಆಗಲಿ, ಬರೆದಿಡುವುದು ಕ್ಷೇಮ. ಉಯಿಲಾದರೆ ಈ ತೊಡಕಿಲ್ಲ. ಅದು ಜಾರಿಗೆ ಬರುವುದು ಕಾಲಾನಂತರ, ಬೇಕಾದಾಗ ಬದಲಿಸಲೂಬಹುದು. ಆದರೆ ಉಯಿಲನ್ನು ತೋರಿಸಿ ಮಹಡಿಗೆ ಸಾಲ ಪಡೆಯಲಾಗದು.

“ಈ ವಾಕ್ಯ ಬೇಡ ಮೇಷ್ಟ್ರೆ” ಎಂದರು ಅಮ್ಮ. “ಹೋದ ಶ್ರಾವಣದಲ್ಲಿ ನನಗೆ ಜ್ವರ ಬಂದಿದ್ದಾಗ ಅವನು ಎರಡು ರಾತ್ರಿ ಪಕ್ಕದಲ್ಲಿ ಕೂತಿದ್ದ. ಆಗ ನನಗೆ ಏನೂ ಅನ್ನಿಸಲಿಲ್ಲ, ನಿದ್ದೆ ಮಾಡಿದೆ. ಇನ್ನು ಮೇಲೆ ಕೂತರೆ, ಪತ್ರದಲ್ಲಿ ಬರೆದಿದೆಯಲ್ಲ ಅದಕ್ಕೋಸ್ಕರ ಕೂತಿದ್ದಾನೋ ಏನೋ ಅಂತ ಅನ್ನಿಸದೆ ಇರುತ್ತದೆಯೆ?”

“ನನ್ನ ಮಗನ ಮೇಲೆ ಅಪನಂಬಿಕೆಯಿಂದಲ್ಲ” ಎಂದರು ರಾಯರು. “ಪಿಂಚಣಿ ಕೌಂಟರಿನಲ್ಲಿ ಎಂಥೆಂಥ ಮುದುಕರನ್ನು ನೋಡಿದ್ದೇನೆ ಗೊತ್ತೆ? ಅವರ ಮಕ್ಕಳೂ ಒಳ್ಳೆಯವರೇ ಆಗಿದ್ದರು. ನಾನು ಹೋದ ಮೇಲೆ ಇವಳ ಗತಿ?”

ಮಗನು ಏನೆನ್ನುತ್ತಾನೆಂದು ಕೇಳಿದೆ.

“‘ಬರೆಸಿ ಅಣ್ಣ, ನನಗೇನೂ ಬೇಸರವಿಲ್ಲ’ ಅಂದ” ಎಂದರು ಅಮ್ಮ. “ಎರಡು ಸಲ ಅಂದ. ಒಂದೇ ಸಲ ಅಂದಿದ್ದರೆ ನಂಬುತ್ತಿದ್ದೆ.”

1980ರ ಪ್ರಯೋಗದ ವಿಷಯ ಆಕೆಗೆ ತಿಳಿದಿರಲಾರದು. ಆದರೆ ಅದರ ಸಾರವನ್ನು ಆಕೆ ಅಲ್ಲಿ ನಿಂತುಕೊಂಡೇ ಹೇಳಿಬಿಟ್ಟಿದ್ದರು. ಷರತ್ತನ್ನು ಬರೆದ ಗಳಿಗೆಯಿಂದ ಮಗನ ಪ್ರತಿಯೊಂದು ಒಳ್ಳೆಯ ಕೆಲಸಕ್ಕೂ ಇನ್ನೊಂದು ಕಾರಣ ಸಿದ್ಧವಾಗಿರುತ್ತದೆ. ತಾಯಿಗೆ ಮಾತ್ರವಲ್ಲ, ಮಗನಿಗೂ. ಮಾತ್ರೆಯನ್ನು ತಂದುಕೊಡುವಾಗ ತಾನು ಏತಕ್ಕೋಸ್ಕರ ತರುತ್ತಿದ್ದೇನೆಂದು ಅವನೇ ಒಮ್ಮೆ ನಿಂತು ಯೋಚಿಸುವಂತಾಗುತ್ತದೆ. ಇದು ಸಣ್ಣ ನಷ್ಟವಲ್ಲ.

ಆದರೂ ನಾನು ರಾಯರ ಪಕ್ಷ. ಜ್ವರದ ರಾತ್ರಿಗೆ ಕಾನೂನು ಬೇಕಾಗಿಲ್ಲ, ನಿಜ. ಅದು ಬೇಕಾಗುವುದು ಜ್ವರದ ರಾತ್ರಿ ಯಾರೂ ಬಾರದಿದ್ದಾಗ. ಆ ಅಧಿನಿಯಮದ ಪ್ರಕಾರ ನ್ಯಾಯಮಂಡಲಿಯು ಕೊಡಿಸಬಹುದಾದ ಜೀವನಾಂಶದ ಮೇಲ್ಮಿತಿಯೇ ತಿಂಗಳಿಗೆ 10,000 ರೂಪಾಯಿ. ಮನೆಯು ಕೈಬಿಟ್ಟ ಮೇಲೆ ಅಷ್ಟರಿಂದ ಈ ನಗರದಲ್ಲಿ ಒಬ್ಬ ವಿಧವೆ ಏನು ಮಾಡಬಲ್ಲಳು? ಅಮ್ಮನಿಗೆ ಹೀಗೆಂದೆ. ಷರತ್ತಿನ ವಾಕ್ಯಕ್ಕಿಂತ ಮೇಲೆ, ಆ ಎರಡು ರಾತ್ರಿಗಳ ವಿಷಯವನ್ನು ಒಂದು ವಾಕ್ಯದಲ್ಲಿ ಬರೆಯೋಣವೆ ಎಂದೂ ಕೇಳಿದೆ. “ರಿಜಿಸ್ಟ್ರಾರರು ನಗುತ್ತಾರೆ” ಎಂದರು ರಾಯರು. ಅಮ್ಮ ನಗಲಿಲ್ಲ. “ಅದನ್ನು ಬರೆದರೆ ಅದೂ ಲೆಕ್ಕಕ್ಕೆ ಸೇರಿತು, ಬೇಡ” ಎಂದರು.

ಕರಡು ಇನ್ನೂ ನನ್ನ ಬಳಿಯಲ್ಲಿಯೇ ಇದೆ. ಕಾಗುಣಿತದ ತಪ್ಪುಗಳನ್ನು ತಿದ್ದಿದ್ದೇನೆ. ಷರತ್ತಿನ ವಾಕ್ಯದ ಪಕ್ಕದಲ್ಲಿ ಅಮ್ಮ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಹೋಗಿದ್ದಾರೆ, ಹೊಡೆದುಹಾಕಿಲ್ಲ. ಮಹಡಿಯ ಕೆಲಸಕ್ಕೆ ಇಟ್ಟಿಗೆ ಬಂದು ಅವರ ಮನೆಯ ಮುಂದೆ ಬಿದ್ದು ಎಂಟು ದಿನಗಳಾದುವು.